ಫ್ರೇಮಿನಲ್ಲಿ ಕಚ್ಚಿಕೊಂಡ ಸೀಟ್ ಪೋಸ್ಟ್: ಏಳು ದಿನದ ಕೆಲಸದ ದಾಖಲೆ

ಹೇಳುವುದಕ್ಕೆ ಸಣ್ಣ ಕೆಲಸ. ಉಕ್ಕಿನ ಫ್ರೇಮಿನ ಸೈಕಲ್, ಅದರೊಳಗೆ ಅಲ್ಯೂಮಿನಿಯಂ ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊರುವ ಕೊಳವೆ. ಮೂರು ವರ್ಷ ಗ್ರೀಸ್ ಕಾಣದೆ, ಮಳೆನೀರು ಮತ್ತು ಬೆವರು ಇಳಿದು ಇಳಿದು ಪೋಸ್ಟ್ ಒಳಗೇ ಹಿಡಿದುಕೊಂಡಿದೆ. ಸೀಟನ್ನು ಏರಿಸಲೂ ಆಗದು, ಇಳಿಸಲೂ ಆಗದು. ಪೋಸ್ಟ್ ಹೊರಗೆ ಬರಬೇಕು, ಫ್ರೇಮ್ ಉಳಿಯಬೇಕು.

ಹೊರಗೆ ಬಂದದ್ದು ಆರನೇ ದಿನ. ಏಳನೇ ದಿನ ಹೊಸ ಪೋಸ್ಟ್ ಕೂತಿತು. ಇಷ್ಟರಲ್ಲಿ ಮೈಬಲ ಹಾಕಿದ್ದು ಎಲ್ಲ ಸೇರಿಸಿದರೂ ಒಂದು ಗಂಟೆ ದಾಟುವುದಿಲ್ಲ. ಉಳಿದದ್ದು ಕಾಯುವುದು, ಅಳೆಯುವುದು, ಗರಗಸ ಆಡಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಪ್ರಶ್ನೆಯನ್ನು ಬದಲಿಸಿ ಕೇಳುವುದು. ಹಾಗಾಗಿ ಪ್ರತಿ ಹಂತದ ಮೇಲೆ ಆಗ ಎದುರಿಗಿದ್ದ ಪ್ರಶ್ನೆಯನ್ನೂ ಬರೆದಿದೆ. ಬಲ ಸೋತ ಕಡೆಯೆಲ್ಲ ದಾರಿ ತೋರಿಸಿದ್ದು ಆ ಪ್ರಶ್ನೆಗಳೇ.

ಅಳತೆಗಳು: ಪೋಸ್ಟಿನ ಹೊರವ್ಯಾಸ 27.2 ಮಿ.ಮೀ., ಒಳವ್ಯಾಸ 22.5, ಉದ್ದ 300, ಅದರಲ್ಲಿ ಟೊಳ್ಳು ಇರುವುದು 280. ಫ್ರೇಮಿನೊಳಗೆ ಹೋಗಿರುವುದು 110. ಪೋಸ್ಟಿನ ಮೇಲ್ತುದಿ, ಅಂದರೆ ಸೀಟು ಕೂರುವ ತಲೆಭಾಗ ಮುಚ್ಚಿದೆ. ಕೆಳತುದಿ ತೆರೆದಿದೆ. ಈ ಕೊನೆಯ ವಿವರ ಮೊದಲ ದಿನ ಲೆಕ್ಕಕ್ಕೇ ಬಂದಿರಲಿಲ್ಲ. ಎರಡನೇ ದಿನದ ತಪ್ಪಿಗೂ ಅದೇ ಕಾರಣವಾಯಿತು, ಅದೇ ದಿನದ ಉಪಾಯಕ್ಕೂ ಅದೇ ಆಧಾರವಾಯಿತು.

ದಿನ 1. ಪ್ರಶ್ನೆ: ನಿಜವಾಗಿ ಹಿಡಿದಿರುವುದು ಯಾವುದು?

ಮೊದಲು ಕೊರಳಿನ, ಅಂದರೆ ಪೋಸ್ಟ್ ಫ್ರೇಮಿನೊಳಗೆ ಇಳಿಯುವ ಬಾಯಿಯ, ಕ್ಲ್ಯಾಂಪನ್ನು ಸಡಿಲಿಸಿ ಬಿಡದೆ ಪೂರ್ತಿ ಕಳಚಿ ಪಕ್ಕಕ್ಕಿಡಬೇಕು. ಸಡಿಲಿಸಿದ ಕ್ಲ್ಯಾಂಪಿನ ಅಂಚು ಕೂಡ ಪೋಸ್ಟಿನ ಗೀರಿಗೆ ಸಿಕ್ಕಿಕೊಂಡು ನಿಲ್ಲಬಲ್ಲದು. ಆಮೇಲೆ ನೀರಿನ ಬಾಟಲಿಯ ಸ್ಟ್ಯಾಂಡ್ ಹಿಡಿದಿರುವ ಎರಡು ಬೋಲ್ಟುಗಳನ್ನು ಬಿಚ್ಚಬೇಕು. ಯಾರೋ ಉದ್ದದ ಬೋಲ್ಟ್ ಹಾಕಿದ್ದರೆ ಅದರ ತುದಿ ಸೀಟ್ ಟ್ಯೂಬಿನ, ಅಂದರೆ ಪೋಸ್ಟ್ ಕೂರುವ ಫ್ರೇಮಿನ ಕೊಳವೆಯ, ಒಳಗೆ ಚಾಚಿ ಪೋಸ್ಟನ್ನು ಒತ್ತಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಆದರೆ ನೋಡದೆ ಮುಂದೆ ಹೋಗಬಾರದು, ಎರಡು ನಿಮಿಷದ ಪರೀಕ್ಷೆ ಎರಡು ದಿನದ ಒದ್ದಾಟವನ್ನು ತಪ್ಪಿಸುತ್ತದೆ.

ಕೊರಳಿನ ಹತ್ತಿರ ಪೋಸ್ಟಿನ ಮೇಲೂ ಫ್ರೇಮಿನ ಮೇಲೂ ಒಟ್ಟಿಗೆ ಹಾಯುವ ಹಾಗೆ ಬಿಳಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದದ್ದಾಯಿತು. ಏಳು ದಿನದಲ್ಲಿ ಸುಳ್ಳು ಹೇಳದ ಸಾಕ್ಷಿ ಅಂದರೆ ಈ ಗೆರೆ ಒಂದೇ.

ಅದು ಕೆಲಸಕ್ಕೆ ಬಂದದ್ದು ಹೀಗೆ. ಸೀಟನ್ನು ಎರಡು ಕೈಯಲ್ಲಿ ಹಿಡಿದು ತಿರುಚಿದಾಗ ಮೂಗು ಸುಮಾರು 4 ಡಿಗ್ರಿ ಪಕ್ಕಕ್ಕೆ ಹೋಯಿತು. ಪೋಸ್ಟ್ ಬಿಟ್ಟುಕೊಂಡಿತು ಅನ್ನಿಸುತ್ತದೆ. ಗೆರೆ ನೋಡಿದರೆ ಒಂದು ಕೂದಲೆಳೆಯಷ್ಟೂ ಕದಲಿಲ್ಲ. ಜಾರಿದ್ದು ಸೀಟಿನ ಕಂಬಿ ಮತ್ತು ತಲೆಭಾಗದ ನಡುವಿನ ಹಿಡಿತ. ಗೆರೆ ಇಲ್ಲದಿದ್ದರೆ ಇದನ್ನೇ ಗೆಲುವು ಅಂದುಕೊಂಡು ಅದೇ ದಾರಿಯಲ್ಲಿ ಇನ್ನಷ್ಟು ಬಲ ಹಾಕಿ ಸೀಟು ಮುರಿಯುತ್ತಿತ್ತು.

ಸಂಜೆ, ಎಲ್ಲರೂ ಮೊದಲು ಮಾಡುವ ಕೆಲಸ: ತುಕ್ಕು ಬಿಡಿಸುವ ಎಣ್ಣೆಯನ್ನು ಕೊರಳಿನ ಸಂದಿಗೆ ಮೇಲಿನಿಂದ ಸಿಂಪಡಿಸಿ ರಾತ್ರಿಯಿಡೀ ಬಿಟ್ಟದ್ದು. ಬೆಳಿಗ್ಗೆ ಎಣ್ಣೆ ಅಲ್ಲೇ, ಕೊರಳಿನ ಸುತ್ತ ಉಂಗುರದ ಹಾಗೆ ನಿಂತಿತ್ತು. ಅಲ್ಯೂಮಿನಿಯಂ ತಿಂದು ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಸಂದಿಯೆಲ್ಲ ಅದೇ ಗಟ್ಟಿಯಾಗಿ ತುಂಬಿಕೊಂಡಿರುವಾಗ ಎಣ್ಣೆ ಇಳಿಯಲು ಜಾಗವೇ ಇರುವುದಿಲ್ಲ. ಈ ಪುಡಿಯನ್ನು ಎಣ್ಣೆ ಕರಗಿಸುವುದೂ ಇಲ್ಲ. ಎಲ್ಲಾದರೂ ಬಿರುಕು ಸಿಕ್ಕರೆ ಒಳಗೆ ಹೋಗಿ ಜಾರಿಕೆ ಕೊಡುತ್ತದೆ, ಅಷ್ಟೇ.

ದಿನ 2. ಪ್ರಶ್ನೆ: ಮೇಲಿನಿಂದ ಇಳಿಯದ ಎಣ್ಣೆ ಕೆಳಗಿನಿಂದ ಬರಬಹುದೇ?

ಮಳೆನೀರು ಸೇರುವುದು ಕೊರಳಿನಲ್ಲಿ, ಪುಡಿ ಹೆಚ್ಚು ಬೆಳೆದಿರುವುದೂ ಅಲ್ಲೇ. ಪೋಸ್ಟಿನ ಕೆಳತುದಿಯ ಕಡೆ ಸಂದು ಸ್ವಲ್ಪ ಸಡಿಲ ಇರಬಹುದು. ಹಾಗಾದರೆ ಸೈಕಲನ್ನೇ ತಲೆಕೆಳಗು ಮಾಡಿ, ಪೆಡಲಿನ ಅಚ್ಚು ಕೂರುವ ಗೂಡಿನಿಂದ, ಅಂದರೆ ಬಾಟಮ್ ಬ್ರಾಕೆಟ್ ಕಡೆಯಿಂದ ಎಣ್ಣೆ ಬಿಡಬೇಕು. ಅಚ್ಚು, ಬೇರಿಂಗ್ ಎಲ್ಲ ಬಿಚ್ಚಿದರೆ ಸೀಟ್ ಟ್ಯೂಬಿನ ಬಾಯಿ ಕಾಣುತ್ತದೆ. ಸಣ್ಣ ಪ್ಲಾಸ್ಟಿಕ್ ನಳಿಕೆ ಇಳಿಸಿ 25 ಮಿಲಿ ಎಣ್ಣೆ ಹಾಕಿದ್ದಾಯಿತು.

ತಪ್ಪು: ಪೋಸ್ಟ್ ಟೊಳ್ಳು. ಎಣ್ಣೆ ಪೋಸ್ಟಿನ ತೆರೆದ ತುದಿಯ ಅಂಚಿನ ಸಂದಿಗೆ ಹೋಗುವ ಬದಲು ನೇರ ಪೋಸ್ಟಿನ ಹೊಟ್ಟೆಗೆ ಇಳಿದು ಮುಚ್ಚಿದ ತಲೆಯಲ್ಲಿ ಕೂತಿತು. ಉದ್ದದ ತಂತಿ ಇಳಿಸಿ ತೆಗೆದು ನೋಡಿದರೆ ತುದಿಯ 63 ಮಿ.ಮೀ. ಮಾತ್ರ ಒದ್ದೆ. ಎಣ್ಣೆ ಬೇಕಾಗಿದ್ದ ಅಂಚು ಅಲ್ಲಿಂದ 217 ಮಿ.ಮೀ. ಮೇಲೆ ಒಣಗಿಕೊಂಡೇ ಇತ್ತು. ಪೋಸ್ಟಿನ ಹೊಟ್ಟೆ ತುಂಬಬೇಕಾದರೆ ಸುಮಾರು 110 ಮಿಲಿ ಬೇಕು. ಡಬ್ಬಿಯಲ್ಲಿ ಉಳಿದಿದ್ದು 40 ಮಿಲಿ.

ಇನ್ನೊಂದು ಡಬ್ಬಿ ತರಬಹುದಿತ್ತು. ಆದರೆ ಬೇಕಾಗಿರುವುದು 110 ಮಿಲಿ ಎಣ್ಣೆಯಲ್ಲ, ಅಂಚಿನ ಮಟ್ಟದಲ್ಲಿ ಒಂದಿಷ್ಟು ಎಣ್ಣೆ. ಕೆಳಗಿನ ಜಾಗವನ್ನು ಬೇರೆ ಯಾವುದಾದರೂ ತುಂಬಿದರೆ ಸಾಕು. ಎಣ್ಣೆ ನೀರಿನ ಮೇಲೆ ತೇಲುತ್ತದೆ. ಅದೇ ನಳಿಕೆಯಲ್ಲಿ 100 ಮಿಲಿ ನೀರು ನಿಧಾನವಾಗಿ ಬಿಟ್ಟದ್ದೇ ತಡ, ಹೊಟ್ಟೆಗೆ ಬಿದ್ದು ವ್ಯರ್ಥವಾಯಿತು ಅಂದುಕೊಂಡಿದ್ದ 25 ಮಿಲಿ ಎಣ್ಣೆ ತಾನಾಗಿ ಮೇಲೆದ್ದು ಬಂತು. ಸುಮಾರು 10 ಮಿಲಿ ಅಂಚಿನವರೆಗೆ ತುಂಬಿ, ಉಳಿದ 15 ಮಿಲಿ ಅಂಚು ದಾಟಿ ಸಂದಿಯ ಮೇಲೆ ನಿಂತಿತು. ತಂತಿ ಇಳಿಸಿ ನೋಡಿದಾಗ ಅಂಚಿನಿಂದ ಮೇಲಕ್ಕೆ 25 ಮಿ.ಮೀ. ಎಣ್ಣೆ. ಒಂದು ಹನಿ ಹೊಸ ಎಣ್ಣೆಯೂ ಬೇಕಾಗಲಿಲ್ಲ.

ಈ ಒಂದು ಹಂತ ಇಡೀ ಕೆಲಸದಲ್ಲಿ ಅತ್ಯಂತ ತೃಪ್ತಿ ಕೊಟ್ಟದ್ದು. ಸೃಜನಶೀಲ ಯೋಚನೆ ಅಂದರೆ ಎಲ್ಲಿಂದಲೋ ಹೊಳೆಯುವ ಮಿಂಚು ಅಂತ ತಿಳಿಯಬೇಕಾಗಿಲ್ಲ. ಇಲ್ಲಿ ಆದದ್ದು ಇಷ್ಟೇ: “ಎಣ್ಣೆ ಸಾಲದು” ಅನ್ನುವ ಮಾತನ್ನು “ಎಣ್ಣೆ ಎಲ್ಲಿರಬೇಕು” ಅಂತ ತಿದ್ದಿದ್ದು.

ನೀರು ಹಾಕುವಾಗ ಎರಡು ಎಚ್ಚರ. ಸೀಟ್ ಟ್ಯೂಬ್ ಓರೆಯಾಗಿರುವುದರಿಂದ ಒಂದು ಕಡೆ ಮಟ್ಟ ಕೆಲವು ಮಿ.ಮೀ. ಮೇಲಿರುತ್ತದೆ. ನೀರು ಅಂಚು ಮುಟ್ಟದ ಹಾಗೆ ಕನಿಷ್ಠ 20 ಮಿ.ಮೀ. ಬಿಡುವು ಇರಲಿ. ಎರಡನೆಯದು, ಕೆಲಸ ಮುಗಿದ ತಕ್ಷಣ ನೀರನ್ನು ಪೂರ್ತಿ ಬಗ್ಗಿಸಿ ಫ್ರೇಮನ್ನು ಒಣಗಿಸಬೇಕು. ಉಕ್ಕಿನ ಟ್ಯೂಬಿನಲ್ಲಿ ನೀರು ಬಿಟ್ಟು ಮರೆಯುವಂತಿಲ್ಲ.

ದಿನ 3. ಕಾಯುವುದು

ಸೈಕಲ್ ತಲೆಕೆಳಗಾಗಿಯೇ ಇತ್ತು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ದಿನಕ್ಕೆ ಮೂರು ಸಲ ರಬ್ಬರ್ ಸುತ್ತಿಗೆಯಿಂದ ಪೋಸ್ಟಿನ ಸುತ್ತ ಇಪ್ಪತ್ತು ಇಪ್ಪತ್ತು ಸಣ್ಣ ಪೆಟ್ಟು. 36 ಗಂಟೆಯ ಹೊತ್ತಿಗೆ ಕೊರಳಿನ ಹತ್ತಿರ, ಸುತ್ತಳತೆಯ ಕಾಲು ಭಾಗದಷ್ಟು ಜಾಗದಲ್ಲಿ ಕಪ್ಪಗೆ ಒದ್ದೆ ಗೆರೆ ಕಾಣಿಸಿತು. ಎಣ್ಣೆ ಒಂದು ಕಡೆಯಿಂದ ಪೂರ್ತಿ ದಾಟಿ ಬಂದಿದೆ. ಉಳಿದ ಮುಕ್ಕಾಲು ಭಾಗ ಒಣಗಿದೆ. ಅಂದರೆ ಕಚ್ಚಿರುವುದು ಎಲ್ಲಿ ಅನ್ನುವುದೂ ಗೊತ್ತಾಯಿತು.

ದಿನ 4. ಪ್ರಶ್ನೆ: ಇನ್ನೂ ಜೋರಾಗಿ ತಿರುಗಿಸಿದರೆ?

ಇದು ಕೆಟ್ಟ ಪ್ರಶ್ನೆ. ಈ ದಾಖಲೆಯಲ್ಲಿ ಅತಿ ದೊಡ್ಡ ತಪ್ಪು ಇದೇ ದಿನದ್ದು.

350 ಮಿ.ಮೀ. ಉದ್ದದ ಪೈಪ್ ರೆಂಚನ್ನು ಪೋಸ್ಟಿನ ಮೇಲ್ಭಾಗಕ್ಕೆ, ತಲೆಯ ಕೆಳಗಿನ ಕುತ್ತಿಗೆಗೆ ಹಾಕಿ ಎಳೆದದ್ದು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ರೆಂಚಿನ ಹಲ್ಲು ಅಲ್ಯೂಮಿನಿಯಂ ಒಳಗೆ ಸುಮಾರು ಅರ್ಧ ಮಿ.ಮೀ. ಕಚ್ಚಿ, ಜಾರಿ, ನಾಲ್ಕು ಆಳದ ಗೀರು ಬಿಟ್ಟಿತು. ವರ್ನಿಯರ್ ಹಿಡಿದು ನೋಡಿದರೆ ದುಂಡಗಿದ್ದ ಕುತ್ತಿಗೆ ಒಂದು ಕಡೆ 26.6, ಇನ್ನೊಂದು ಕಡೆ 27.7. ಗೆರೆ ಇದ್ದಲ್ಲೇ ಇತ್ತು.

ರೆಂಚು ಒಂದೇ ಬದಿಯಿಂದ ಎಳೆಯುತ್ತದೆ. ತಿರುಚುವ ಬಲದ ಜೊತೆಗೆ ಪೋಸ್ಟನ್ನು ಪಕ್ಕಕ್ಕೆ ಬಾಗಿಸುವ ಬಲವೂ ಹುಟ್ಟುತ್ತದೆ. ಬಾಗಿದ ಪೋಸ್ಟ್ ಕೊರಳಿನ ಅಂಚಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಬಲ ಹೆಚ್ಚಿಸಿದಷ್ಟೂ ಹಿಡಿತವೂ ಹೆಚ್ಚಿತು ಅಂದ ಹಾಗಾಯಿತು.

ಅದಕ್ಕಿಂತ ಮುಖ್ಯವಾದ ತಪ್ಪು ಕ್ರಮದ್ದು. ಎಣ್ಣೆ, ನೀರು, ಕಾಯುವುದು, ತಟ್ಟುವುದು, ಇವೆಲ್ಲ ಸೋತರೂ ಏನೂ ಕೆಡುವುದಿಲ್ಲ. ರೆಂಚು ಸೋತರೆ ಪೋಸ್ಟಿನ ಬಲವನ್ನು ತಿಂದುಕೊಂಡೇ ಸೋಲುತ್ತದೆ. ಮರಳಿ ಸರಿಮಾಡಲಾಗದ ಪ್ರಯೋಗಗಳನ್ನು ಸಾಲಿನ ಕೊನೆಗೆ ಇಡಬೇಕಿತ್ತು. ಇದರ ಬೆಲೆ ಮರುದಿನವೇ ತೆರಬೇಕಾಯಿತು.

ದಿನ 4, ರಾತ್ರಿ. ಉಪಕರಣ ಕೆಳಗಿಟ್ಟು ಕಾಗದ ಹಿಡಿದದ್ದು

ಅರ್ಧ ಗಂಟೆ, ಒಂದು ಹಾಳೆ. ನಾಲ್ಕು ದಿನದಿಂದ ತಲೆಯಲ್ಲಿದ್ದ ಪ್ರಶ್ನೆಯನ್ನು ಇದ್ದ ಹಾಗೆ ಬರೆದದ್ದು: “ಪೋಸ್ಟನ್ನು ಎಳೆದು ತೆಗೆಯುವುದು ಹೇಗೆ?” ಆಮೇಲೆ ಒಂದೊಂದೇ ಪದಕ್ಕೆ ಅಡಿಗೆರೆ ಹಾಕಿ, ಆ ಪದ ಅಲ್ಲಿ ಇರಲೇಬೇಕೇ ಅಂತ ಕೇಳಿದ್ದು.

“ಪೋಸ್ಟನ್ನು.” ಅಲುಗಬೇಕಾದದ್ದು ಪೋಸ್ಟೇ ಆಗಬೇಕೇ? ಪೋಸ್ಟನ್ನು ಬಿಗಿಯಾಗಿ ಹಿಡಿದು ಫ್ರೇಮನ್ನು ತಿರುಗಿಸಿದರೂ ಫಲ ಒಂದೇ. ಫ್ರೇಮ್ ಅಂದರೆ ಅರ್ಧ ಮೀಟರಿಗಿಂತ ಉದ್ದದ ಹಿಡಿ. ಅಂಗಡಿಯಲ್ಲಿ ಅಷ್ಟು ದೊಡ್ಡ ರೆಂಚು ಹುಡುಕುವ ಬದಲು ಕೈಯಲ್ಲೇ ಇರುವ ರೆಂಚು ಅದು.

“ಎಳೆದು.” ಎಳೆಯಲೇಬೇಕೇ? ಇದರ ಮುಂದೆ ಐದು ಕ್ರಿಯಾಪದ ಬಂದವು: ತಿರುಗಿಸಿ, ಒಳಕ್ಕೆ ಬಡಿದು, ನಡುಗಿಸಿ, ಕುಗ್ಗಿಸಿ, ಕರಗಿಸಿ.

“ತೆಗೆಯುವುದು.” ಇಡಿಯಾಗಿ ತೆಗೆಯಬೇಕೇ? ರೆಂಚು ಕಚ್ಚಿದ ಪೋಸ್ಟ್ ಮತ್ತೆ ಸವಾರನ ಭಾರ ಹೊರುವ ಸ್ಥಿತಿಯಲ್ಲಿಲ್ಲ. ಹೇಗೂ ಬಿಸಾಡುವ ವಸ್ತುವನ್ನು ಜೋಪಾನ ಮಾಡುತ್ತ ಕೂತಿರುವುದು ಯಾಕೆ? ಉಳಿಯಬೇಕಾದದ್ದು ಫ್ರೇಮ್ ಮಾತ್ರ ಅಂತ ಒಮ್ಮೆ ಬರೆದುಬಿಟ್ಟರೆ ದಾರಿಗಳು ದುಪ್ಪಟ್ಟಾಗುತ್ತವೆ.

ಒಂದೇ ವಾಕ್ಯದಿಂದ ಎಂಟು ದಾರಿ ಹೊರಟವು. ಅವನ್ನು ಯಾವುದು ಹೆಚ್ಚು ಬಲವಾದದ್ದು ಅನ್ನುವ ಕ್ರಮದಲ್ಲಿ ಜೋಡಿಸಲಿಲ್ಲ. ಸೋತರೆ ಯಾವುದು ಕಡಿಮೆ ಕೆಡಿಸುತ್ತದೆ ಅನ್ನುವ ಕ್ರಮದಲ್ಲಿ ಜೋಡಿಸಿದ್ದು. ಒಳಕ್ಕೆ ಬಡಿಯುವುದು ಮೊದಲು, ಕುಗ್ಗಿಸಿ ತಿರುಗಿಸುವುದು ಆಮೇಲೆ, ಕತ್ತರಿಸುವುದು ಅದಾದ ಮೇಲೆ.

ಕರಗಿಸುವುದನ್ನು ಪಟ್ಟಿಯಿಂದ ಹೊಡೆದು ಹಾಕಿದ್ದಕ್ಕೆ ಕಾರಣವಿದೆ. ಕಾಸ್ಟಿಕ್ ಸೋಡಾ ದ್ರಾವಣ ಅಲ್ಯೂಮಿನಿಯಮನ್ನು ತಿನ್ನುತ್ತದೆ, ಉಕ್ಕನ್ನು ಬಿಡುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಉಪಾಯವಿಲ್ಲ. ಆದರೆ ಆ ಕ್ರಿಯೆಯಲ್ಲಿ ಬೆಂಕಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹುಟ್ಟುತ್ತದೆ, ದ್ರಾವಣ ತಾನೇ ಕಾದು ಉಕ್ಕಿ ಸಿಡಿಯುತ್ತದೆ, ಕಣ್ಣಿಗೆ ಒಂದು ಹನಿ ತಾಗಿದರೂ ದೃಷ್ಟಿ ಹೋಗಬಹುದು, ಫ್ರೇಮಿನ ಬಣ್ಣವೂ ಉಳಿಯುವುದಿಲ್ಲ. ಫ್ರೇಮ್ ಕೂಡ ಅಲ್ಯೂಮಿನಿಯಂ ಆಗಿದ್ದರೆ ಅದೂ ಕರಗುತ್ತದೆ. ಗರಗಸದಲ್ಲಿ ಮೂರು ಗಂಟೆ ಹೋದರೆ ಹೋಗಲಿ.

ದಿನ 5. ಪ್ರಶ್ನೆ: ಪೋಸ್ಟ್ ಕುಗ್ಗಿ, ಫ್ರೇಮ್ ತಿರುಗಿದರೆ?

ಬೆಳಿಗ್ಗೆ ಮೊದಲು ಒಳಕ್ಕೆ ಬಡಿಯುವ ಪ್ರಯೋಗ. ತಲೆಯ ಮೇಲೆ ಮರದ ತುಂಡು ಇಟ್ಟು ಒಂದು ಕಿಲೋ ಸುತ್ತಿಗೆಯಲ್ಲಿ ಹತ್ತು ಪೆಟ್ಟು. ಗೆರೆ ಕದಲಲಿಲ್ಲ. ಅಲ್ಲಿಗೇ ಬಿಟ್ಟದ್ದು.

ನಂತರ ಎಣ್ಣೆ ನೀರು ಬಗ್ಗಿಸಿ ಒರೆಸಿ, ಎರಡೂ ಚಕ್ರ ಕಳಚಿ, ಸೈಕಲನ್ನು ತಲೆಕೆಳಗಾಗಿ ಬೆಂಚ್ ವೈಸಿನಲ್ಲಿ, ಅಂದರೆ ಬೆಂಚಿಗೆ ಕೂರಿಸಿದ ಬಿಗಿ ಇಕ್ಕಳದಲ್ಲಿ, ನಿಲ್ಲಿಸಿದ್ದು. ವೈಸಿನ ದವಡೆ ಹಿಡಿಯುವುದು ಪೋಸ್ಟಿನ ತಲೆಯನ್ನು. ಅಲ್ಲಿ ಲೋಹ ದಪ್ಪವಾಗಿದೆ, ಇಕ್ಕೆಲ ಚಪ್ಪಟೆಯಾಗಿದೆ. ವೈಸು ಬೆಂಚಿಗೆ ನಾಲ್ಕು ಬೋಲ್ಟಿನಲ್ಲಿ ಕೂತಿರಬೇಕು, ಬೆಂಚು ನೆಲಕ್ಕೋ ಗೋಡೆಗೋ ಕಟ್ಟಿರಬೇಕು. ಇಲ್ಲದಿದ್ದರೆ ತಿರುಗುವುದು ಬೆಂಚು.

ತಣ್ಣಗೆ ಮಾಡುವುದಕ್ಕೆ ಧೂಳು ಊದುವ ಅನಿಲದ ಡಬ್ಬಿ. ನೆಟ್ಟಗೆ ಹಿಡಿದರೆ ಅನಿಲ ಬರುತ್ತದೆ, ತಲೆಕೆಳಗೆ ಹಿಡಿದರೆ ದ್ರವವೇ ಬರುತ್ತದೆ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವ ದ್ರವ ಸುಮಾರು ಮೈನಸ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಉದ್ದದ ನಳಿಕೆಯಿಂದ ಅದನ್ನು ಪೋಸ್ಟಿನ ಹೊಟ್ಟೆಗೆ ಬಿಡಬೇಕು. ಪೋಸ್ಟ್ 50 ಡಿಗ್ರಿ ತಣ್ಣಗಾದರೆ ವ್ಯಾಸ ಕುಗ್ಗುವುದು ಬರೀ 0.03 ಮಿ.ಮೀ. ಕೂದಲಿಗಿಂತ ತೆಳು. ಆದರೂ ಸಂದಿಯೇ ಅಷ್ಟು ಕಿರಿದಾಗಿರುವಾಗ ಆ 0.03 ದೊಡ್ಡದು.

ಹೊರಗಿನ ಉಕ್ಕೂ ಜೊತೆಗೆ ತಣ್ಣಗಾದರೆ ಲಾಭ ಹೋಯಿತು. ಅದಕ್ಕೆ ಸೀಟ್ ಟ್ಯೂಬಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿದ್ದು. ಹೀಟ್ ಗನ್ ಅಥವಾ ಕೂದಲು ಒಣಗಿಸುವ ಯಂತ್ರ ಸುಲಭ ಅನ್ನಿಸಬಹುದು. ಬೇಡವೇ ಬೇಡ. ಹಲವು ಡಬ್ಬಿಗಳ ಅನಿಲ ಹೊತ್ತಿಕೊಳ್ಳುವಂಥದ್ದು, ಕೆಂಪಗೆ ಕಾಯುವ ತಂತಿ ಹತ್ತಿರ ಇರಬಾರದು. ಕೆಲಸ ಬಯಲಿನಲ್ಲಿ, ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ. ಬರಿಗೈಗೆ ಆ ದ್ರವ ತಾಗಿದರೆ ಚರ್ಮ ಸುಟ್ಟ ಹಾಗೆ ಆಗುತ್ತದೆ.

ಕ್ರಮ: ಬಿಸಿ ಬಟ್ಟೆ ಎರಡು ನಿಮಿಷ, ದ್ರವ 40 ಸೆಕೆಂಡು, ತಕ್ಷಣ ತಿರುಗಿಸುವುದು. ಇಬ್ಬರು ಬೇಕು. ಒಬ್ಬರು ಹ್ಯಾಂಡಲ್ ಕೂರುವ ಹೆಡ್ ಟ್ಯೂಬ್ ಹಿಡಿದು ಒಂದು ಕಡೆ ತಳ್ಳಬೇಕು, ಇನ್ನೊಬ್ಬರು ಹಿಂದಿನ ಚಕ್ರ ಕೂರುವ ಕವಲನ್ನು ಹಿಡಿದು ಎದುರು ಕಡೆಗೆ. ಮುಂದೆ 550 ಮಿ.ಮೀ., ಹಿಂದೆ ಸುಮಾರು 400. ಇಬ್ಬರೂ 20 ಕಿಲೋ ಭಾರದಷ್ಟು ತಳ್ಳಿದರೆ ಸುಮಾರು 185 ನ್ಯೂಟನ್ ಮೀಟರ್ ತಿರುಚು ಬಲ ಸಿಗುತ್ತದೆ. ರೆಂಚಿನ ತುದಿಗೆ 30 ಕಿಲೋ ಹಾಕಿದಾಗ ಸಿಕ್ಕಿದ್ದು 103. ಹೆಚ್ಚು ಬಲ ಅನ್ನುವುದಕ್ಕಿಂತ, ಎರಡು ಕಡೆಯಿಂದ ಸಮವಾಗಿ ಬರುವುದರಿಂದ ಪೋಸ್ಟ್ ಪಕ್ಕಕ್ಕೆ ಬಾಗುವುದಿಲ್ಲ ಅನ್ನುವುದೇ ಮುಖ್ಯ. ಹಿಂಬದಿಯ ತೆಳು ಟ್ಯೂಬುಗಳ ನಡುಭಾಗವನ್ನು ಹಿಡಿಯಬಾರದು, ಬಾಗುತ್ತವೆ.

ಮೊದಲ ಸಲ ಏನೂ ಇಲ್ಲ. ಎರಡನೇ ಸಲ ಏನೂ ಇಲ್ಲ. ಮೂರನೇ ಸಲ ಒಣ ಕಡ್ಡಿ ಮುರಿದ ಹಾಗೆ “ಟಕ್”. ಗೆರೆ ಎರಡಾಯಿತು. ಪೋಸ್ಟಿನ ಮೇಲಿನ ತುಂಡಿಗೂ ಫ್ರೇಮಿನ ಮೇಲಿನ ತುಂಡಿಗೂ ನಡುವೆ 1.5 ಮಿ.ಮೀ. ಅಂತರ, ಅಂದರೆ ಸುಮಾರು 6 ಡಿಗ್ರಿ.

ಇಲ್ಲಿ ಎರಡನೇ ದೊಡ್ಡ ತಪ್ಪು. ಸಿಕ್ಕ 6 ಡಿಗ್ರಿಯಲ್ಲಿ ಹಿಂದಕ್ಕೆ ಮುಂದಕ್ಕೆ ಆಡಿಸಿ, ಎಣ್ಣೆ ಬಿಟ್ಟು, ಪುಡಿ ನುಣ್ಣಗಾಗಲು ಸಮಯ ಕೊಡಬೇಕಿತ್ತು. ಅದರ ಬದಲು ಅದೇ ದಿಕ್ಕಿಗೆ ಇನ್ನೊಂದು ತಳ್ಳು. ಪುಡಿ ಉರುಳಿ ಮತ್ತೆ ಕಚ್ಚಿತು, ತಿರುಚು ಬಲವೆಲ್ಲ ಕುತ್ತಿಗೆಯ ಮೇಲೆ ಬಿತ್ತು. ನಿನ್ನೆ ರೆಂಚು ಬಿಟ್ಟ ಗೀರಿನ ಉದ್ದಕ್ಕೂ ಕುತ್ತಿಗೆ ಹರಿದು ತಲೆ ವೈಸಿನಲ್ಲೇ ಉಳಿಯಿತು. ಹರಿದ ಅಂಚು ನೋಡಿದರೆ ನಾಲ್ಕು ಗೀರೂ ಅದರ ಮೇಲೇ ಇದ್ದವು.

ದಿನ 6. ಪ್ರಶ್ನೆ: ಪೋಸ್ಟ್ ತಾನಾಗಿ ಸಣ್ಣದಾಗುವ ಹಾಗೆ ಮಾಡುವುದು ಹೇಗೆ?

ಈಗ ಪೋಸ್ಟನ್ನು ಉಳಿಸುವ ಆಸೆ ಇಲ್ಲ. ಕೊರಳಿನಿಂದ 25 ಮಿ.ಮೀ. ಬಿಟ್ಟು ಮೇಲಿನದನ್ನು ಹ್ಯಾಕ್ಸಾದಿಂದ ಕತ್ತರಿಸಿ ತೆಗೆದದ್ದು. ಆ 25 ಮಿ.ಮೀ. ಆಮೇಲೆ ಇಕ್ಕಳಕ್ಕೆ ಹಿಡಿ. ಕೊರಳಿನ ಸಮಕ್ಕೆ ಕತ್ತರಿಸಿಬಿಟ್ಟರೆ ಹಿಡಿಯಲು ಏನೂ ಉಳಿಯುವುದಿಲ್ಲ.

ಉಪಾಯ: ಪೋಸ್ಟಿನ ಒಳಗಿನಿಂದ ಉದ್ದಕ್ಕೆ ಎರಡು ಸೀಳು, ನಡುವೆ 15 ಮಿ.ಮೀ. ಅಂತರ. ನಡುವಿನ ಪಟ್ಟಿಯನ್ನು ಒಳಕ್ಕೆ ಮಡಚಿ ತೆಗೆದರೆ ಉಳಿದದ್ದು ಬಾಯಿಬಿಟ್ಟ ಬಳೆಯ ಹಾಗೆ ಒಳಕ್ಕೆ ಸುರುಳುತ್ತದೆ.

ಸೀಳು ಎಲ್ಲಿ ಅನ್ನುವುದನ್ನು ಯೋಚಿಸಿ ನಿರ್ಧರಿಸಬೇಕು, ಏಕೆಂದರೆ ಬ್ಲೇಡು ಎಷ್ಟು ಜಾಗ್ರತೆ ಮಾಡಿದರೂ ಉಕ್ಕಿಗೆ ಒಂದೆರಡು ಗೀರು ತಾಗುತ್ತದೆ. ಸವಾರನ ಭಾರ ಸೀಟ್ ಟ್ಯೂಬನ್ನು ಬಾಗಿಸುವುದು ಹಿಂದಕ್ಕೆ ಮುಂದಕ್ಕೆ. ಹಾಗಾಗಿ ಮುಂಭಾಗ ಹಿಂಭಾಗ ಬಿಟ್ಟು ಎರಡೂ ಸೀಳನ್ನು ಎಡಬದಿಯಲ್ಲಿ ಹಾಕಿದ್ದು. ಹಿಂಭಾಗದಲ್ಲಿ ಫ್ರೇಮಿನದೇ ಸೀಳೂ ಇರುತ್ತದೆ, ಅದರ ಹತ್ತಿರ ಹೋಗಲೇಬಾರದು.

ಹ್ಯಾಕ್ಸಾ ಬ್ಲೇಡನ್ನು ಚೌಕಟ್ಟಿನಿಂದ ಬಿಚ್ಚಿ, ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿ, ಹಲ್ಲು ಕೈಯ ಕಡೆ ಇರುವ ಹಾಗೆ ಹಿಡಿಯಬೇಕು. ತಳ್ಳುವಾಗ ಬ್ಲೇಡು ಬಾಗುತ್ತದೆ, ಎಳೆಯುವಾಗ ನೆಟ್ಟಗಿರುತ್ತದೆ. ಅದಕ್ಕೇ ಕೊರೆಯುವುದು ಎಳೆತದಲ್ಲಿ. ಮೊದಲು ಹಾಕಿದ್ದು ಅಂಗುಲಕ್ಕೆ 24 ಹಲ್ಲಿನ ಬ್ಲೇಡು. ಹತ್ತು ನಿಮಿಷದಲ್ಲಿ ಹಲ್ಲಿನ ಸಂದಿಯೆಲ್ಲ ಅಲ್ಯೂಮಿನಿಯಂ ಮೆತ್ತಿಕೊಂಡು ನುಣ್ಣಗೆ ಜಾರತೊಡಗಿತು. 18 ಹಲ್ಲಿನದು ಹಾಕಿ, ಐದೈದು ನಿಮಿಷಕ್ಕೆ ಮೇಣ ಸವರಿದ ಮೇಲೆ ಸರಾಗ. ಫ್ರೇಮಿನ ಬಾಯಿ ಸ್ವಲ್ಪ ಕೆಳಗಾಗಿ ಇಟ್ಟರೆ ಪುಡಿ ತಾನೇ ಉದುರುತ್ತದೆ.

ಪೋಸ್ಟಿನ ದಪ್ಪ 2.35 ಮಿ.ಮೀ. ದಾಟಿತೇ ಅಂತ ತಿಳಿಯುವುದು ಕಿವಿಯಿಂದ ಮತ್ತು ಪುಡಿಯಿಂದ. ಅಲ್ಯೂಮಿನಿಯಂ ಕೊರೆಯುವಾಗ ದಪ್ಪ, ಮಂದ ಸದ್ದು, ಬೆಳ್ಳಗಿನ ಮೆತ್ತನೆಯ ಸುರುಳಿ. ಲೋಹ ಮುಗಿದು ಬಿಳಿ ಪದರ ಸಿಕ್ಕಾಗ ಸೀಮೆಸುಣ್ಣದಂಥ ಹುಡಿ ಉದುರುತ್ತದೆ. ಅದರಾಚೆ ಉಕ್ಕು ತಾಗಿದರೆ ಸದ್ದು ಕೀರಲಾಗುತ್ತದೆ, ಪುಡಿ ಕಪ್ಪಾಗುತ್ತದೆ, ಬ್ಲೇಡು ಕೈಗೆ ಝುಮ್ಮೆನ್ನುತ್ತದೆ. ಹುಡಿ ಕಂಡ ಜಾಗದಲ್ಲೇ ನಿಲ್ಲಿಸಿ ಬ್ಲೇಡನ್ನು ಮುಂದಕ್ಕೆ ಸರಿಸಬೇಕು.

ಮೊದಲ ಸೀಳಿಗೆ 1 ಗಂಟೆ 50 ನಿಮಿಷ, ಎರಡನೆಯದಕ್ಕೆ 1 ಗಂಟೆ 10 ನಿಮಿಷ. ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಮಡಚಿದರೆ ಮೇಲ್ಭಾಗ ಮಡಚಿತು, ಕೆಳಗೆ ಅಲುಗಲಿಲ್ಲ. ಸೀಳು ಪೂರ್ತಿ ಆಗಿದೆ ಅಂತ ಕಣ್ಣಿಗೆ ಕಾಣುತ್ತಿತ್ತು. ಸೈಕಲ್ ಕಡ್ಡಿಯ ತುದಿಯನ್ನು 3 ಮಿ.ಮೀ. ಕೊಕ್ಕೆಯಾಗಿ ಬಗ್ಗಿಸಿ ಸೀಳಿನಲ್ಲಿ ಇಳಿಸುತ್ತ ಹೋದಾಗ ನಿಜ ತಿಳಿಯಿತು. 98 ಮಿ.ಮೀ. ಆಳದಲ್ಲಿ ಕೊಕ್ಕೆ ನಿಂತಿತು. ಕೊನೆಯ 12 ಮಿ.ಮೀ. ಕತ್ತರಿಸಿರಲೇ ಇಲ್ಲ. ಕೈ ಸಹಜವಾಗಿ ಬಾಯಿಯ ಹತ್ತಿರ ಹೆಚ್ಚು ಒತ್ತುತ್ತದೆ, ಬ್ಲೇಡಿನ ದೂರದ ತುದಿ ತೇಲುತ್ತದೆ. ಹಿಡಿಯ ಕಡೆ ಬ್ಲೇಡನ್ನು ಎದುರು ಗೋಡೆಗೆ ಒರಗಿಸಿ, ತುದಿ ಸೀಳಿಗೆ ಒತ್ತುವ ಹಾಗೆ ಮಾಡಿ ಇನ್ನು 25 ನಿಮಿಷ ಕೊರೆದ ಮೇಲೆ ಕೊಕ್ಕೆ ಕೊನೆಯವರೆಗೂ ಹರಿಯಿತು. ಈ ಕೊಕ್ಕೆಯನ್ನು ಮೊದಲೇ ಮಾಡಿಕೊಂಡು ಪ್ರತಿ ಹದಿನೈದು ನಿಮಿಷಕ್ಕೆ ಅಳೆದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ.

ಆಮೇಲೆ ಐದೇ ನಿಮಿಷ. ಪಟ್ಟಿ ಮಡಚಿ ಬಂತು. ಉಳಿದದ್ದನ್ನು ಇಕ್ಕಳದಲ್ಲಿ ಒಳಕ್ಕೆ ಅಮುಕಿ, ಎಡಕ್ಕೆ ಬಲಕ್ಕೆ ತಿರುಚುತ್ತ ಎಳೆದರೆ ಕರಕರ ಅನ್ನುತ್ತ ಹೊರಗೆ ಬಂತು. ಹೊರಮೈಯ ಮುಕ್ಕಾಲು ಭಾಗ ಸುಣ್ಣ ಬಳಿದ ಗೋಡೆಯ ಹಾಗೆ ಬೂದು ಬಿಳಿ, ಉಗುರಿಗೆ ಗಟ್ಟಿ. ಎಣ್ಣೆ ದಾಟಿದ್ದ ಕಾಲು ಭಾಗ ಮಾತ್ರ ಹೊಳೆಯುತ್ತಿತ್ತು. ಕೊರಳಿನ ಕಡೆಯ 40 ಮಿ.ಮೀ.ನಲ್ಲಿ ಪದರ ಅತಿ ದಪ್ಪ. ಮೂರನೇ ದಿನ ಒದ್ದೆ ಗೆರೆ ಹೇಳಿದ್ದು ಅಕ್ಷರಶಃ ಸರಿ ಇತ್ತು.

ಬೇರೆ ಲೋಹದ ಜೋಡಿ ಇರುವವರಿಗೆ

ಇಲ್ಲಿ ಬರೆದ ಬಿಸಿ ತಂಪಿನ ಕ್ರಮ ಉಕ್ಕಿನ ಫ್ರೇಮ್, ಅಲ್ಯೂಮಿನಿಯಂ ಪೋಸ್ಟ್‌ಗೆ ಮಾತ್ರ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಫ್ರೇಮ್ ಅಲ್ಯೂಮಿನಿಯಂ, ಪೋಸ್ಟ್ ಉಕ್ಕು ಆಗಿದ್ದರೆ ಎರಡನ್ನೂ ಒಟ್ಟಿಗೆ ಬಿಸಿ ಮಾಡುವುದೇ ಸಡಿಲಿಸುವ ದಾರಿ. ಕಾರ್ಬನ್ ಫ್ರೇಮಿಗೋ ಕಾರ್ಬನ್ ಪೋಸ್ಟಿಗೋ ಬಿಸಿ ತಾಗಿಸುವಂತಿಲ್ಲ, ವೈಸಿನಲ್ಲಿ ಹಾಕಿ ತಿರುಚುವುದೂ ಕೂಡದು.

ದಿನ 7. ಟ್ಯೂಬ್ ಶುಚಿ ಮಾಡಿ ಹೊಸ ಪೋಸ್ಟ್ ಕೂರಿಸುವುದು

200 ಮಿ.ಮೀ. ಉದ್ದದ ಮರದ ಕೋಲಿನ ತುದಿ ಸೀಳಿ, 120 ನಂಬರಿನ ಉಜ್ಜುಕಾಗದ ಸಿಕ್ಕಿಸಿ ಸುತ್ತಿ, ಡ್ರಿಲ್ಲಿಗೆ ಹಾಕಿ ನಿಧಾನ ವೇಗದಲ್ಲಿ ಮೂರು ನಿಮಿಷ. ಕೊನೆಗೆ 240 ನಂಬರಿನದು. ಬಾಯಿಯಲ್ಲಿ ಒಳವ್ಯಾಸ 27.3 ಮಿ.ಮೀ. ಬ್ಲೇಡಿನ ಗೀರು ಎರಡು ಕಡೆ ಇತ್ತು, ಉಗುರಿಗೆ ಸಿಗದ ಹಾಗೆ ಉಜ್ಜಿದ್ದು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಕೊರಳಿನ ಹತ್ತಿರ ಇದ್ದರೆ ಬೆಸುಗೆ ಬಲ್ಲವರಿಗೆ ತೋರಿಸದೆ ಸವಾರಿ ಮಾಡಬಾರದು. ಅತಿಯಾಗಿ ಉಜ್ಜುವುದೂ ತಪ್ಪು: ಟ್ಯೂಬ್ ಸಡಿಲವಾದರೆ ಕ್ಲ್ಯಾಂಪ್ ಎಷ್ಟು ಬಿಗಿದರೂ ಪೋಸ್ಟ್ ಇಳಿಯುತ್ತದೆ.

ಹೊಸ ಪೋಸ್ಟ್ ಮೊದಲ ಸಲ 70 ಮಿ.ಮೀ. ಆಳದಲ್ಲಿ ತಡೆಯಿತು. ಅಲ್ಲಿ ಒಂದು ಚೂರು ಬಿಳಿ ಪದರ ಉಳಿದಿತ್ತು. ಇನ್ನೊಂದು ನಿಮಿಷ ಉಜ್ಜಿದ ಮೇಲೆ ಬೆರಳ ಬಲಕ್ಕೇ ಇಳಿಯಿತು. ಟ್ಯೂಬಿನ ಒಳಗೂ ಪೋಸ್ಟಿನ ಹೊರಗೂ ತೆಳ್ಳಗೆ ಗ್ರೀಸ್. ಪೋಸ್ಟಿನ ಮೇಲಿನ ಕನಿಷ್ಠ ಆಳದ ಗುರುತು ಕೊರಳಿನ ಕೆಳಗೇ ಇರಬೇಕು. ಕ್ಲ್ಯಾಂಪ್ ಬೋಲ್ಟನ್ನು ಅದರ ಮೇಲೆ ಬರೆದಿರುವ ಬಿಗಿತಕ್ಕೆ ಮಾತ್ರ ಬಿಗಿದದ್ದು.

ನೀರು ಸೇರುವ ಜಾಗಕ್ಕೆ ಒಂದು ತಡೆ ಬೇಕಿತ್ತು. ಚಕ್ರದ ಹಳೆಯ ರಬ್ಬರ್ ಟ್ಯೂಬಿನಿಂದ 50 ಮಿ.ಮೀ. ಉದ್ದದ ತುಂಡು ಕತ್ತರಿಸಿ ಪೋಸ್ಟಿನ ಮೇಲಿಂದ ತೊಡಿಸಿ ಕೊರಳಿನ ಸಂದಿ ಮುಚ್ಚುವ ಹಾಗೆ ಎಳೆದದ್ದು. ಹಿಂದಿನ ಚಕ್ರ ಎರಚುವ ನೀರು ಬೀಳುವುದು ನೇರ ಕೊರಳಿನ ಹಿಂಭಾಗದಲ್ಲಿರುವ ಫ್ರೇಮಿನ ಸೀಳಿನ ಮೇಲೆ. ಬಾಟಮ್ ಬ್ರಾಕೆಟ್ ಗೂಡಿನ ತಳದಲ್ಲಿ ತಯಾರಕರೇ ಬಿಟ್ಟಿದ್ದ ಸಣ್ಣ ತೂತು ಮಣ್ಣು ತುಂಬಿ ಮುಚ್ಚಿಹೋಗಿತ್ತು. ತಂತಿ ಹಾಕಿ ತೆರೆದದ್ದು.

ಮೂರು ತಿಂಗಳ ನಂತರ

ಕ್ಲ್ಯಾಂಪ್ ಸಡಿಲಿಸಿ ಒಂದು ಕೈಯಲ್ಲಿ ಎಳೆದರೆ ಪೋಸ್ಟ್ ಹೊರಗೆ ಬಂತು. ಗ್ರೀಸ್ ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿತ್ತು, ಬಿಳಿ ಪುಡಿ ಎಲ್ಲೂ ಇರಲಿಲ್ಲ. ಒರೆಸಿ, ಹೊಸ ಗ್ರೀಸ್ ಸವರಿ, ಅದೇ ಎತ್ತರಕ್ಕೆ ಕೂರಿಸಿದ್ದಾಯಿತು. ಕೊರಳಿನ ಮೇಲೆ ಹೊಸದಾಗಿ ಒಂದು ಬಿಳಿ ಗೆರೆ ಎಳೆದಿದೆ.